ಕಲ್ಲಿಗೆ ದಮ್ಮು

ಅಪ್ಪನಿಗೆ ಕೊನೆಯ ವರ್ಷಗಳಲ್ಲಿ ಬೇಕಿದ್ದದ್ದು ಒಂದೇ: ಒಮ್ಮೆ ಕಾಲು ಚಾಚಿ, ಬೆನ್ನು ಹಾಸಿಗೆಗೆ ಹಚ್ಚಿ ಮಲಗುವುದು. ದಮ್ಮು ಅದಕ್ಕೆ ಬಿಡಲಿಲ್ಲ. ತಲೆ ದಿಂಬಿಗೆ ತಾಗಿದ ಕೂಡಲೇ ಎದೆಯ ಮೇಲೆ ಯಾರೋ ಅಕ್ಕಿ ಚೀಲ ಇಟ್ಟಂತಾಗಿ ಎದ್ದು ಕೂರುತ್ತಿದ್ದ. ದಾಂಡೇಲಿ ಮಗ್ಗುಲಿನ ಕೋಗಿಲಬನದ ನಮ್ಮ ಎರಡು ಕೋಣೆಯ ಮನೆಯಲ್ಲಿ, ಕಿಟಕಿಗೆ ಹಚ್ಚಿ ಹಾಕಿದ ಕಬ್ಬಿಣದ ಮಂಚ. ಬೆನ್ನಿಗೆ ಮಡಿಸಿದ ಕೌದಿ, ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಮೊಣಕೈ. ಹೀಗೆ ಕೂತೇ ನಿದ್ದೆ. ಆ ನಿದ್ದೆಯೂ ಬಸ್ಸಿನಲ್ಲಿ ಕೂತವರ ನಿದ್ದೆಯ ಹಾಗೆ, ಪ್ರತಿ ನಿಲ್ದಾಣಕ್ಕೂ ಎಚ್ಚರ.

"ಒಮ್ಮೆ ಅಡ್ಡ ಆಗಬೇಕವಾ" ಎನ್ನುತ್ತಿದ್ದ. "ಸತ್ತ ಮ್ಯಾಲೆ ಹೆಂಗೂ ಕೂಡಸ್ತಾರ. ಅದಕ್ಕಿಂತ ಮದಲ ಒಮ್ಮೆ ಮಲಗಬೇಕು."

ನಮ್ಮವರಲ್ಲಿ ಸತ್ತವರನ್ನು ಸುಡುವುದಿಲ್ಲ. ಕುಣಿ ತೋಡಿ, ಕೂಡಿಸಿ ಮಣ್ಣು ಮಾಡುತ್ತಾರೆ. ಅಪ್ಪ ಅದನ್ನು ನಗುತ್ತಲೇ ಹೇಳುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ದುಃಖವಾದರೂ ನನಗೆ ಮೊದಲು ಬರುವುದು ಸಿಟ್ಟೇ. ಇದು ಅವ್ವ ಬಿಟ್ಟು ಹೋದ ಬಳುವಳಿ. "ಸಾಯೂ ಮಾತು ಬಿಟ್ಟು ಗುಳಿಗಿ ನುಂಗು" ಎಂದು ನೀರಿನ ಲೋಟ ಮುಂದೆ ಕುಕ್ಕುತ್ತಿದ್ದೆ. ಅವನು ನುಂಗುತ್ತಿದ್ದ.

ದಮ್ಮು ಅನ್ನುವ ಮಾತಿಗೆ ನಮ್ಮ ಕಡೆ ನಾಲ್ಕಾರು ಅರ್ಥ. ಉಬ್ಬಸಕ್ಕೆ ದಮ್ಮು ಅನ್ನುತ್ತಾರೆ. ಬೀಡಿ ಎಳೆದರೆ ಅದೂ ಒಂದು ದಮ್ಮು. ಧೈರ್ಯಕ್ಕೂ ತಾಕತ್ತಿಗೂ ದಮ್ಮು. ಜಗಳಕ್ಕೆ ಕರೆಯುವವರು "ದಮ್ಮಿದ್ರ ಬಾ" ಎನ್ನುತ್ತಾರೆ. ದಾಂಡೇಲಿಯಲ್ಲಿ ಬಿರಿಯಾನಿ ಮಾಡುವವರು ಹಂಡೆಯ ಬಾಯಿಗೆ ಕಣಕ ಮೆತ್ತಿ, ಮುಚ್ಚಳದ ಮೇಲೆ ಕೆಂಡ ಇಟ್ಟರೆ ಅದೂ ದಮ್ಮೇ. ಅಪ್ಪ ಧಾರವಾಡದ ಕಡೆಯ ಹಳ್ಳಿಯಿಂದ ಮೀಸೆ ಚಿಗುರುವ ವಯಸ್ಸಿನಲ್ಲಿ ಕಾಗದದ ಮಿಲ್ಲಿಗೆ ಬಂದು, ಬಾಯ್ಲರ್ ಮುಂದೆ ಬೆಂಕಿ ನೋಡುವ ಕೆಲಸಕ್ಕೆ ನಿಂತವನು. ನಿವೃತ್ತಿಯಾಗಿ ಈ ಮನೆಗೆ ಬರುವವರೆಗೂ ಅದೇ ಕೆಲಸ. ಪಾಳಿ ಮುಗಿಸಿ ಬಂದು ಕ್ವಾಟ್ರಸಿನ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದನೆಂದರೆ ಅದರ ತುದಿಯಿಂದಲೇ ಇನ್ನೊಂದು ಹಚ್ಚುವುದು. ಡಾಕ್ಟರು ಬೀಡಿಯನ್ನೇ ಬೈದರು. ಅಪ್ಪನೂ ಒಪ್ಪಿಕೊಂಡ.

"ಆನೀಯಂಥಾ ಬಾಯ್ಲರ್ ಮುಂದ ಜಲ್ಮ ಕಳದೆ, ಅದು ಏನೂ ಮಾಡಲಿಲ್ಲ" ಎಂದು ಕಿರುಬೆರಳು ತೋರಿಸಿದ. "ಇಷ್ಟುದ್ದದ ಬೀಡಿ ಕೆಡವ್ತು ನೋಡು."

ನನ್ನ ಕೆಲಸ ಏನು ಅಂತ ಓಣಿಯಲ್ಲಿ ಯಾರಿಗೂ ಸರಿಯಾಗಿ ಹೇಳಲು ನನ್ನಿಂದ ಆಗಿಲ್ಲ. ಧಾರವಾಡದ ಒಂದು ಸಂಸ್ಥೆಯಲ್ಲಿದ್ದೇನೆ. ವಾರದಲ್ಲಿ ಒಂದೆರಡು ದಿನ ಹಳಿಯಾಳದ ಮೇಲೆ ಹಾಯುವ ಬಸ್ಸಿನಲ್ಲಿ ಹೋಗಿ ಬರುವುದು. ಉಳಿದ ದಿನ ಅಪ್ಪನ ಮಂಚದ ಪಕ್ಕದಲ್ಲೇ ಮೇಜು ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಕೆಲಸ. ಕಾರ್ಖಾನೆಗಳ ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸಿ, ಒತ್ತಿ ಗಟ್ಟಿ ಮಾಡಿ, ಸಮುದ್ರದ ತಳದ ಕೆಳಗೆ ಬಹಳ ಆಳದಲ್ಲಿರುವ ಉಪ್ಪುನೀರಿನ ಮರಳುಗಲ್ಲಿನೊಳಗೆ ತುಂಬಿಟ್ಟರೆ, ಅದು ಅಲ್ಲೇ ಉಳಿಯುತ್ತದೆಯೋ ಮೇಲೆ ಬರುತ್ತದೆಯೋ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಇಷ್ಟನ್ನು ಎದುರುಮನೆಯವರಿಗೆ ಒಮ್ಮೆ ವಿವರಿಸಿದೆ. ಅವರಿಗೆ ಉಳಿದದ್ದು "ಗ್ಯಾಸ್" ಅನ್ನುವ ಮಾತು ಮಾತ್ರ. ಅಂದಿನಿಂದ ಸಿಲಿಂಡರ್ ಬರುವುದು ತಡವಾದರೆ ಓಣಿಯ ಹೆಂಗಸರು ನನ್ನ ಬಾಗಿಲು ಬಡಿಯುತ್ತಾರೆ. "ಅಕ್ಕಾರ, ನಿಮ್ಮ ಆಫೀಸಿಗೆ ಒಂದ್ ಫೋನ್ ಹಚ್ಚ್ರಿ" ಎನ್ನುತ್ತಾರೆ. ಒಂದೆರಡು ಸಲ ಫೋನ್ ಹಚ್ಚಿಯೂ ಕೊಟ್ಟಿದ್ದೇನೆ, ಸಿಲಿಂಡರಿನ ಏಜೆನ್ಸಿಗೆ.

ಅಪ್ಪನಿಗೆ ಮಾತ್ರ ತಿಳಿಯಿತು. ಹೊಗೆಯ ಜೊತೆ ಬದುಕಿದವನಿಗೆ ಹೊಗೆಯ ಮಾತು ತಿಳಿಯದೆ ಇರುತ್ತದೆಯೇ? ಅಡ್ಡ ಕೊಯ್ದ ನೆಲದ ಚಿತ್ರ ಪರದೆಯ ಮೇಲೆ ಮೂಡಿ, ಅದರೊಳಗೆ ಕೆಂಪು ಬಣ್ಣ ನಿಧಾನಕ್ಕೆ ಹರಡುವುದನ್ನು ಕನ್ನಡಕ ಏರಿಸಿ ನೋಡುತ್ತಿದ್ದ.

"ಬಾಯ್ಲರ್ ಕಿಂಡ್ಯಾಗ ಇಣುಕಿದಂಗ ಕಾಣ್ತೈತಿ" ಎಂದ ಮೊದಲ ದಿನ. "ಇದು ಹೊಗಿ ಏನು?"

"ಹೂಂ. ಒತ್ತಿದ ಮ್ಯಾಲೆ ನೀರಿನಂಗ ಆಗಿರತೈತಿ. ಆದ್ರೂ ಉಪ್ಪುನೀರಿಗಿಂತ ಹಗೂರ. ಅದಕ್ಕ ಮ್ಯಾಲೆ ಏರತೈತಿ."

"ಏರಿದ್ರ ಹೊರಗ ಬರೂದಿಲ್ಲೇನು?"

"ಮ್ಯಾಲೆ ಜಿಗಟು ಮಣ್ಣಿನ ಕಲ್ಲೈತಿ. ಸಂದು ಇಲ್ಲದ ಕಲ್ಲು. ಮುಚ್ಚಳ ಇದ್ದಂಗ. ಅದಕ್ಕ ಬಡದು, ಅದರ ಕೆಳಗ ಹರಡಿಕೋತೈತಿ."

ಅಪ್ಪ ಒಂದು ಉಸಿರು ಎಳೆದುಕೊಂಡ. ಎರಡು ಮಾತಿನ ನಡುವೆ ಅವನಿಗೆ ಅಷ್ಟು ಹೊತ್ತು ಬೇಕಾಗುತ್ತಿತ್ತು. ಆಮೇಲೆ ಕೇಳಿದ, "ಅಷ್ಟು ವರ್ಷ ಹಿಡಕೊಂಡು ಕೂಡಾಕ ಆ ಕಲ್ಲಿಗೆ ದಮ್ಮು ಐತೇನು?"

ಸಂಸ್ಥೆಯಲ್ಲಿ ನಾವು ಇಂಗ್ಲಿಷಿನಲ್ಲಿ ಪುಟಗಟ್ಟಲೆ ಬರೆದು ಕೇಳುವ ಪ್ರಶ್ನೆ ಅದೇ ಆಗಿತ್ತು. "ಅದನ್ನ ನೋಡಾಕತ್ತೀನಿ" ಎಂದೆ. ಅಂದಿನಿಂದ ಅದು ನಮ್ಮಿಬ್ಬರ ದಿನದ ಮಾತಾಯಿತು. ಬೆಳಿಗ್ಗೆ ಚಹಾ ಕುಡಿಯುತ್ತಾ "ಇವತ್ತ ನಿನ್ನ ಹೊಗಿ ಎಲ್ಲಿ ಬಂತು?" ಎನ್ನುವನು. ನಾನು ನಿನ್ನೆಯ ಲೆಕ್ಕದ ಚಿತ್ರ ತೋರಿಸುವುದು. ಎಲ್ಲವೂ ಮುಚ್ಚಳವೊಂದನ್ನೇ ನಂಬಿ ನಿಂತಿಲ್ಲ ಎಂದೂ ಹೇಳಿದ್ದೆ. ಹಾಯ್ದು ಹೋಗುವಾಗ ಸ್ವಲ್ಪ ಹೊಗೆ ಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ ಸಿಕ್ಕಿಕೊಂಡು ಉಳಿಯುತ್ತದೆ, ಹಿಂಡಿದ ಅರಿವೆಯಲ್ಲಿ ಎಣ್ಣೆ ಉಳಿದಂತೆ. ಸ್ವಲ್ಪ ಉಪ್ಪುನೀರಿನಲ್ಲಿ ಕರಗುತ್ತದೆ. ಕರಗಿದರೆ ಆ ನೀರು ಭಾರವಾಗಿ ಕೆಳಕ್ಕೆ ಇಳಿಯುತ್ತದೆ. ಮತ್ತೆ ಸಾವಿರಾರು ವರ್ಷಕ್ಕೆ ಒಂದಿಷ್ಟು ಕಲ್ಲೇ ಆಗಿಬಿಡುತ್ತದೆ. ಗಾಳಿ ಕರಗಿ ನೀರು ಭಾರವಾಗುವ ಮಾತು ಅಪ್ಪನಿಗೆ ಬಹಳ ಹಿಡಿಸಿತು. ಬಂದವರಿಗೆಲ್ಲ ಅದನ್ನು ಹೇಳುತ್ತಿದ್ದ, ಅರ್ಧ ಮಾತಿಗೆ ಉಸಿರು ಸಾಲದೆ ನನ್ನ ಕಡೆ ನೋಡುತ್ತಿದ್ದ. ಉಳಿದರ್ಧ ನಾನು ಹೇಳಬೇಕು.

"ನಮ್ಮ ಕಾಳಿ ಹೊಳಿ ಕೆಳಗ ಇಡಾಕ ಬರೂದಿಲ್ಲೇನು?" ಎಂದೂ ಒಮ್ಮೆ ಕೇಳಿದ.

"ನಮ್ಮ ಕಲ್ಲು ಭಾಳ ಗಟ್ಟಿ, ಅಪ್ಪಾ. ಒಳಗ ಜಾಗಾನ ಇಲ್ಲ."

"ನಮ್ಮ ಮಂದೀನೂ ಹಂಗ" ಎಂದು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಮೊದಲ ಸಲ ಅವನನ್ನು ಧಾರವಾಡದ ಆಸ್ಪತ್ರೆಗೆ ಸೇರಿಸಿದಾಗ ಮಣಿಕಟ್ಟಿನ ನಾಡಿಯಿಂದ ರಕ್ತ ತೆಗೆದು ನೋಡಿದರು. ಅದರ ವರದಿಯಲ್ಲಿ ಬರೆದಿದ್ದ ಪದವನ್ನು ನಾನು ಎರಡು ಸಲ ಓದಿದೆ. ಕರಗಿದ ಇಂಗಾಲದ ಡೈಆಕ್ಸೈಡಿನ ಒತ್ತಡ. ನಾನು ದಿನಾ ಬರೆಯುವ, ದಿನಾ ಚಿತ್ರ ತೆಗೆಯುವ ಪದ. ಇರಬೇಕಾದದ್ದಕ್ಕಿಂತ ಬಹಳ ಹೆಚ್ಚಿತ್ತು. ಡಾಕ್ಟರು ಸಾವಧಾನದ ಮನುಷ್ಯ, ಕುರ್ಚಿ ಎಳೆದು ಕೂಡಿಸಿ ಹೇಳಿದರು. "ಇವರಿಗೆ ಗಾಳಿ ಒಳಗ ಹೋಗೂದಷ್ಟ ತ್ರಾಸಲ್ಲರೀ. ಹೊರಗ ಹೋಗಬೇಕಾದದ್ದು ಹೋಗವಲ್ದು. ಒಳಗ ಉಳದು ರಕ್ತದಾಗ ಕರಗಿ ಕುಂತೈತಿ."

ರಕ್ತವೂ ಉಪ್ಪುನೀರೇ ಅಲ್ಲವೇ ಎಂದು ನನಗೆ ಆಗ ಹೊಳೆಯಿತು. ಹೊಳೆದದ್ದಕ್ಕೆ ನನ್ನ ಮೇಲೆಯೇ ಅಸಹ್ಯವಾಯಿತು. ವರ್ಷಗಟ್ಟಲೆ ನಾನು ಒಂದು ಕಲ್ಲಿಗಾಗಿ ಹುಡುಕುತ್ತಿದ್ದೆ. ಅದು ಹೊಗೆಯನ್ನು ನುಂಗಬೇಕು, ಹಿಡಿದಿಡಬೇಕು, ಎಂದೂ ಬಿಡಬಾರದು. ಕಲ್ಲಿಗೆ ಯಾವುದು ಗುಣವೋ ಅಪ್ಪನಿಗೆ ಅದೇ ರೋಗ. ಆ ವಾರ ಲ್ಯಾಪ್‌ಟಾಪ್ ತೆರೆಯಲಿಲ್ಲ. ತೆರೆದ ಮೇಲೂ ಆ ಕೆಂಪು ಬಣ್ಣವನ್ನು ಹಸಿರಿಗೆ ಬದಲಿಸಿಕೊಂಡೆ.

ಮನೆಗೆ ಆಕ್ಸಿಜನ್ ಮಷಿನ್ನು ಬಂತು. ಮೂಗಿಗೆ ಸಣ್ಣ ನಳಿಕೆ. ಡಾಕ್ಟರು ಒಂದು ಮಾತನ್ನು ಒತ್ತಿ ಒತ್ತಿ ಹೇಳಿದ್ದರು: ಗಾಳಿ ಹೆಚ್ಚು-ಕಡಿಮೆ ಮಾಡುವ ತಿರುವು ಒಂದರ ಮೇಲೇ ಇರಬೇಕು, ಹೆಚ್ಚಿಸಬಾರದು. ಇಂಥ ರೋಗಿಯ ಮೆದುಳು ಒಳಗಿನ ಕೆಟ್ಟ ಗಾಳಿಗೆ ಒಗ್ಗಿಹೋಗಿರುತ್ತದೆ. ಆಕ್ಸಿಜನ್ ಕಡಿಮೆಯಾದಾಗ ಮಾತ್ರ 'ಉಸಿರಾಡು' ಎಂದು ಎದೆಗೆ ಹೇಳುತ್ತದೆ. ಆಕ್ಸಿಜನ್ ಧಾರಾಳವಾಗಿ ಕೊಟ್ಟರೆ ಹೇಳುವುದನ್ನೇ ಬಿಡುತ್ತದೆ. ಆಗ ಕೆಟ್ಟ ಗಾಳಿ ಒಳಗೇ ತುಂಬಿ ಮಂಪರು ಬರುತ್ತದೆ, ಮಂಪರಿನಲ್ಲಿ ನೋವು ಗೊತ್ತಾಗುವುದಿಲ್ಲ, ಹಾಗೇ ಮುಗಿದು ಹೋಗಬಹುದು.

ಇದನ್ನು ಯಾರಿಗೆ ಬೇಕಾದರೂ ಹೇಳಿ ಒಪ್ಪಿಸಬಹುದು, ಬಾಯ್ಲರ್ ನೋಡಿಕೊಂಡವನಿಗೆ ಒಪ್ಪಿಸುವುದು ಕಷ್ಟ. ಅಪ್ಪನ ಕೈಗೆ ಗೊತ್ತಿದ್ದ ಪಾಠ ಒಂದೇ. ಬೆಂಕಿ ಮಂಕಾಗಿ ಹೊಗೆ ಕಪ್ಪಾಯಿತೋ, ಹವಾ ಕಡಿಮೆ ಬಿದ್ದಿದೆ. ಚಾವಿ ತಿರುವಿ ಹವಾ ಬಿಡು. ಮಷಿನ್ನು ಬಂದ ಹೊಸದರಲ್ಲಿ ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ತಿರುವು ಮೂರಕ್ಕೋ ನಾಲ್ಕಕ್ಕೋ ಏರಿರುತ್ತಿತ್ತು. ಅಪ್ಪ ತೂಕಡಿಸುತ್ತಿದ್ದ. ಬೆಳಿಗ್ಗೆ ಎದ್ದರೆ ತಲೆನೋವು, ಮಾತು ಅಡ್ಡಾದಿಡ್ಡಿ.

"ಹೆಚ್ಚ ಮಾಡಬ್ಯಾಡ ಅಂದ್ರ ತಿಳಿಯೂದಿಲ್ಲ ನಿನಗ?" ಎಂದು ಕೂಗಾಡಿದೆ.

"ಬೆಂಕಿ ಮಂಕ ಆದ್ರ ಹವಾ ಬಿಡೂದನ್ನ ನನಗ ಕಲಸ್ತೀಯೇನು?" ಎಂದು ಅವನೂ ಏರಿದ. ಉಸಿರಿಲ್ಲದವನ ಸಿಟ್ಟು ನೋಡಲಾಗುವುದಿಲ್ಲ. ಅರ್ಧಕ್ಕೇ ಅಳುವಿನ ಹಾಗೆ ಆಗಿಬಿಡುತ್ತದೆ. "ಹೆಚ್ಚ ಇಟ್ಟಾಗ ಎದಿ ಹಗೂರ ಆಗತೈತಿ. ಅಡ್ಡ ಆಗಬಹುದು ಅನಸ್ತೈತಿ" ಎಂದ.

ಅವನ ಆಸೆ ಅಲ್ಲಿತ್ತು. ಮಂಪರು ಬಂದಾಗ ಮಲಗಲು ಆಗುತ್ತಿತ್ತು. ಅವನನ್ನು ಕೊಲ್ಲುವುದೂ ಮಲಗಿಸುವುದೂ ಒಂದೇ ತಿರುವಿನಲ್ಲಿತ್ತು.

ಕೊನೆಗೆ ಅವನ ಪಾಠವನ್ನೇ ಅವನಿಗೆ ಒಪ್ಪಿಸಿದೆ. "ಅಪ್ಪಾ, ಹವಾ ಭಾಳ ಬಿಟ್ರ ಬಾಯ್ಲರ್ ಏನಾಗತೈತಿ?"

"ಥಣ್ಣಗ ಆಗತೈತಿ. ಕಾವೆಲ್ಲಾ ಚಿಮಣ್ಯಾಗ ಹೋಗತೈತಿ."

"ಮತ್ತ?"

ಅವನು ಮಷಿನ್ನಿನ ಕಡೆ ನೋಡಿದ. "ಅದು ಬೆಂಕಿ ಚಲೋ ಇದ್ದಾಗಿನ ಮಾತವಾ" ಎಂದ. ಆದರೂ ಅಂದಿನಿಂದ ತಿರುವನ್ನು ಮುಟ್ಟಲಿಲ್ಲ. ನಾನು ಒಂದರ ಗೆರೆಯ ಮೇಲೆ ಉಗುರುಬಣ್ಣದ ಕೆಂಪು ಚುಕ್ಕೆ ಇಟ್ಟೆ. ಮನೆಗೆ ಬಂದವರು ಮಷಿನ್ನಿಗೆ ಪೂಜೆ ಮಾಡಿ ಕುಂಕುಮ ಹಚ್ಚಿದ್ದೇವೆ ಅಂದುಕೊಂಡರು.

ನಾನು ಧಾರವಾಡಕ್ಕೆ ಹೋದ ದಿನ ಅಪ್ಪನನ್ನು ನೋಡಿಕೊಳ್ಳಲು ಹಳಿಯಾಳದ ಕಡೆಯ ಹಳ್ಳಿಯಿಂದ ಒಬ್ಬ ಸಿದ್ದಿ ಹೆಂಗಸು ಬರುತ್ತಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ಮಾವಶಿ ಎಂದು ಕರೆಯುತ್ತಿದ್ದೆ. ಮೊದಲು ದಾಂಡೇಲಿಯಲ್ಲಿ ಬಾಣಂತಿಯರ ಆರೈಕೆಗೆ ಹೋಗುತ್ತಿದ್ದವರು. ಅಪ್ಪನ ಬೆನ್ನಿಗಿದ್ದ ಕೌದಿ ಅವರೇ ಹೊಲಿದದ್ದು. ಅಪ್ಪನನ್ನು 'ಕಾಕಾ' ಎನ್ನುತ್ತಿದ್ದರು, ಮಗುವಿಗೆ ಗದರಿದಂತೆ ಗದರಿ ಗಂಜಿ ಕುಡಿಸುತ್ತಿದ್ದರು. ಹೊಗೆ ಹುಗಿಯುವ ನನ್ನ ಕೆಲಸದ ಬಗ್ಗೆ ಅಪ್ಪ ಅವರಿಗೂ ಪಾಠ ಹೇಳಿದ್ದ. "ಹುಗದದ್ದು ಹುಗದಲ್ಲೇ ಇದ್ರ ಚಲೋರಿ ಅಕ್ಕಾರ. ಏಸು ಸ್ವಾಮಿ ಒಬ್ಬಾಂವ ಎದ್ದು ಬಂದ್ರ ಸಾಕು" ಎಂದು ಮಾವಶಿ ಚೇಷ್ಟೆ ಮಾಡಿದ್ದರು. ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವವರು ಅವರು.

ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ದಮ್ಮಿಗೆ ಒಳ್ಳೆಯ ಗುಳಿಗೆ ಕೊಡುತ್ತಾರೆ ಎಂದು ಅವರೇ ಹೇಳಿದರು. ನನಗೆ ನಂಬಿಕೆ ಇರಲಿಲ್ಲ, ಅಪ್ಪನಿಗೆ ತಿರುಗಾಡುವ ಆಸೆ ಇತ್ತು. ಡಾಕ್ಟರನ್ನು ಕೇಳಿ, ಒಂದು ಕಾರು ಮಾಡಿಕೊಂಡು, ಸಣ್ಣ ಸಿಲಿಂಡರ್ ಕಾಲ ಬಳಿ ಇಟ್ಟುಕೊಂಡು ಹೋದೆವು. ಭತ್ತದ ಗದ್ದೆಗಳ ನಡುವೆ ರಸ್ತೆ. ಕಿಟಕಿಯ ಗಾಳಿ ಮುಖಕ್ಕೆ ಬಡಿಯುತ್ತಿದ್ದರೆ ಅಪ್ಪ ಕಣ್ಣು ಮುಚ್ಚಿ ಕೂತಿದ್ದ. ಕರಿ ಮಾತ್ರೆಗಳನ್ನು ಕೊಟ್ಟರು, ಬಹಳ ಕಹಿ. ಗುಣವಾಗಲಿಲ್ಲ. ಆದರೆ ಆ ದಿನ ಅಪ್ಪ ಸಂತೆಯ ಮಗ್ಗುಲಲ್ಲಿ ಕಾರು ನಿಲ್ಲಿಸಿ ಮಂಡಕ್ಕಿ, ಮಿರ್ಚಿ ಬೇಕೆಂದ. ಒಂದು ಮಿರ್ಚಿಯಲ್ಲಿ ಅರ್ಧ ತಿಂದ. ಉಳಿದರ್ಧ ನನ್ನ ಕೈಗಿಟ್ಟು, "ನಿನ್ನ ಕಲ್ಲಿನ ನಿಕಾಲ ಯಾವಾಗ ಹೊರಗ ಬೀಳತೈತಿ?" ಎಂದು ಕೇಳಿದ. ಲೆಕ್ಕದ ಫಲಿತಾಂಶ ಮಳೆಗಾಲಕ್ಕೆ ಎಂದೆ. "ಅಲ್ಲೀತನಕ ನಾನೂ ದಮ್ಮು ಹಿಡಕೊಂಡಿರ್ತೇನಿ" ಎಂದ. ಆ ಸಲ ನಾನೂ ನಕ್ಕೆ.

ಮಳೆಗಾಲ ಬಂತು. ನಮ್ಮ ಊರಿನದು ಒಂದು ತಮಾಷೆ. ಗಣೇಶಗುಡಿಯಲ್ಲಿ ಅಷ್ಟು ದೊಡ್ಡ ಅಣೆಕಟ್ಟು, ಅಲ್ಲಿಂದ ನಾಡಿಗೆಲ್ಲ ವಿದ್ಯುತ್ತು. ಕೆಳಗಿರುವ ನಮಗೆ ಒಂದು ಗಾಳಿ ಬೀಸಿ ಮರ ಬಿದ್ದರೆ ದಿನಗಟ್ಟಲೆ ಕತ್ತಲೆ. ಕರೆಂಟು ಹೋದರೆ ಮಷಿನ್ನು ನಿಲ್ಲುತ್ತದೆ ಎಂದು ಮಂಚದ ಹತ್ತಿರ ದೊಡ್ಡ ಆಕ್ಸಿಜನ್ ಸಿಲಿಂಡರ್ ಒಂದನ್ನು ನಿಲ್ಲಿಸಿದ್ದೆವು. ಅದರ ನೆತ್ತಿಯ ಮೇಲೆ ಹಿತ್ತಾಳೆಯ ಚಾವಿ. ಅಪ್ಪನಿಗೆ ಮಷಿನ್ನಿನ ಪ್ಲಾಸ್ಟಿಕ್ ತಿರುವಿನ ಮೇಲೆ ಎಂದೂ ಗೌರವವಿರಲಿಲ್ಲ. ಆದರೆ ಆ ಚಾವಿಯನ್ನು ಒಮ್ಮೊಮ್ಮೆ ಕೈಯಿಂದ ಸವರುತ್ತಿದ್ದ. "ಇದು ನೋಡು, ಕೆಲಸದ ಸಾಮಾನು" ಎನ್ನುತ್ತಿದ್ದ.

ಆ ದಿನ ನಾನು ಧಾರವಾಡದಲ್ಲಿದ್ದೆ. ತಿಂಗಳುಗಟ್ಟಲೆ ಓಡಿಸಿದ ಲೆಕ್ಕದ ಕೊನೆಯ ಚಿತ್ರ ಬೆಳಿಗ್ಗೆಯೇ ಬಂದಿತ್ತು. ಒತ್ತಡ ಮುಚ್ಚಳಗಲ್ಲನ್ನು ಸೀಳುವ ಮಟ್ಟಕ್ಕೆ ಎಲ್ಲೂ ಏರಿರಲಿಲ್ಲ. ಹೊಗೆ ಮುಚ್ಚಳದ ಕೆಳಗೆ ಹರಡಿ, ತೂತುಗಳಲ್ಲಿ ಸಿಕ್ಕಿ, ನೀರಿನಲ್ಲಿ ಕರಗಿ, ನಾವು ಲೆಕ್ಕ ಹಾಕಿದ ಕಾಲದ ಕೊನೆಯವರೆಗೂ ಒಳಗೇ ನಿಂತಿತ್ತು. ಜೊತೆಯವರು ಪೇಢೆ ತರಿಸಿದರು. ನಾನು ಒಂದು ಪೊಟ್ಟಣ ಅಪ್ಪನಿಗೆಂದು ಕಟ್ಟಿಸಿಕೊಂಡು ಮಧ್ಯಾಹ್ನದ ಬಸ್ಸು ಹತ್ತಿದೆ. ಹಳಿಯಾಳ ದಾಟುವಾಗ ಜೋರು ಮಳೆ. ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಲ್ಲಿ ತಿರುಗಿಸುತ್ತಾ ಬಂದೆ: ಅಪ್ಪಾ, ಕಲ್ಲಿಗೆ ದಮ್ಮು ಐತಿ.

ಓಣಿಯಲ್ಲಿ ಕರೆಂಟು ಇರಲಿಲ್ಲ. ಹೊಸಿಲಲ್ಲಿ ಚಪ್ಪಲಿ ಬಿಡುವಾಗಲೇ ಮಾವಶಿ ಅಡುಗೆಮನೆಯಿಂದ ಗಂಜಿಯ ಬಟ್ಟಲು ಹಿಡಿದು ಹೊರಬಂದರು. ಅವರೂ ಆಗಷ್ಟೇ ಮಂಚದ ಕಡೆ ನೋಡಿದ್ದರು. ಮುಖವೆಲ್ಲ ಅರಳಿತು. "ಅಕ್ಕಾರ, ಅಲ್ನೋಡ್ರಿ. ಕಾಕಾ ಮಲಗ್ಯಾರ!" ಎಂದರು.

ಅಪ್ಪ ಮಲಗಿದ್ದ. ಕೌದಿಯನ್ನು ಹಿಂದಕ್ಕೆ ಸರಿಸಿ, ಬೆನ್ನು ಹಾಸಿಗೆಗೆ ಹಚ್ಚಿ, ಒಂದು ಕೈ ಎದೆಯ ಮೇಲಿಟ್ಟು ಮಲಗಿದ್ದ. ಚಾಚಿದ ಕಾಲಿನ ಹಿಮ್ಮಡಿಗಳು ಮಂಚದ ತುದಿಯ ಕಬ್ಬಿಣದ ಸರಳಿಗೆ ತಾಗಿದ್ದವು. ಅವನು ಇಷ್ಟು ಉದ್ದ ಇದ್ದನೇ ಎಂದು ನನಗೆ ಆಶ್ಚರ್ಯವಾಯಿತು. ಕೂತೇ ಇರುವವನ ಉದ್ದವೆಷ್ಟು ಎಂಬುದು ನಮಗೆ ಮರೆತೇ ಹೋಗಿತ್ತು. ಮುಖದ ಗಂಟುಗಳೆಲ್ಲ ಬಿಚ್ಚಿದ್ದವು. ಕಣ್ಣು ಮಿಟುಕಿಸುವಷ್ಟು ಹೊತ್ತು ನನಗೆ ಸಂತೋಷವಾಯಿತು.

ಆಮೇಲೆ ಸಿಲಿಂಡರಿನ ಸದ್ದು ಕೇಳಿಸಿತು. ಗಾಳಿ ಜೋರಾಗಿ ಹೊರಡುವ ಸದ್ದು. ಕರೆಂಟು ಹೋದಾಗ ಮಾವಶಿ ನಳಿಕೆಯನ್ನು ಸಿಲಿಂಡರಿಗೆ ಸಿಕ್ಕಿಸಿ, ಸರಿಯಾಗಿ ಕಡಿಮೆಗೇ ಇಟ್ಟು ಗಂಜಿ ಮಾಡಲು ಹೋಗಿದ್ದರು. ಅಪ್ಪ ಕೈ ಚಾಚಿ ಚಾವಿ ತಿರುವಿದ್ದ, ಕೊನೆಯವರೆಗೂ.

ಚಾವಿ ಇಳಿಸಿ, ಕೂಡಿಸಿ, ಕೂಗಿದೆ. ಏಳಲಿಲ್ಲ. ಉಸಿರು ಎಲ್ಲೋ ದೂರದಲ್ಲಿ ಒಮ್ಮೊಮ್ಮೆ ಬರುತ್ತಿತ್ತು. ಓಣಿಯವರು ಸೇರಿ ಆಂಬ್ಯುಲೆನ್ಸಿಗೆ ಹಾಕಿದರು. ನಾನು ಬಂದ ರಸ್ತೆಯಲ್ಲೇ, ಹಳಿಯಾಳದ ಮೇಲೆ, ಮತ್ತೆ ಧಾರವಾಡಕ್ಕೆ ಹೋದೆ. ಮಾವಶಿ ಅಪ್ಪನ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜುತ್ತಾ ಬಂದರು. "ನಾ ಅಲ್ಲೇ ಕೂಡಬೇಕಿತ್ರೀ" ಎಂದು ಹಲುಬುತ್ತಿದ್ದರು. ಅಲ್ಲೇ ಕೂತಿದ್ದರೂ ಅವನು ಇನ್ನೊಂದು ದಿನ ತಿರುವುತ್ತಿದ್ದ ಎಂದೆ. ಸುಳ್ಳಲ್ಲ ಅದು.

ಆಸ್ಪತ್ರೆಯಲ್ಲಿ ಮುಖಕ್ಕೆ ಬಿಗಿಯಾದ ಮಾಸ್ಕ್ ಹಾಕಿ, ಯಂತ್ರದಿಂದ ಗಾಳಿ ಒತ್ತಿ, ಒಳಗಿನ ಕೆಟ್ಟ ಗಾಳಿಯನ್ನು ಹೊರಗೆ ತೆಗೆಯಲು ನೋಡಿದರು. ಮರುದಿನ ಮಧ್ಯಾಹ್ನ ಅಪ್ಪ ಕಣ್ಣು ತೆರೆದ. ನನ್ನ ಗುರುತು ಹಿಡಿದ. ಮಾಸ್ಕಿನ ಅಂಚಿಗೆ ಬೆರಳು ಹಾಕಿದ. ನರ್ಸ್ ಒಂದು ಗಳಿಗೆ ಸಡಿಲಿಸಿ ಕೊಟ್ಟರು.

"ಮಲಗಿದ್ದೆ, ನೋಡಿದೇನು?" ಎಂದ.

"ನೋಡಿದೆ."

"ಚಲೋ ಅನಿಸ್ತವಾ."

ಬೈಯಬೇಕೆಂದು ಎಷ್ಟೋ ಮಾತು ಕೂಡಿಟ್ಟಿದ್ದೆ. ಅವನ್ನೆಲ್ಲ ಬಿಟ್ಟು "ಅಪ್ಪಾ, ಕಲ್ಲಿಗೆ ದಮ್ಮು ಐತಿ. ಲೆಕ್ಕ ಮುಗೀತು" ಎಂದೆ. ಅವನು ಹುಬ್ಬು ಏರಿಸಿದ. ಭಲೇ ಎನ್ನುವಾಗ ಅವನು ಹುಬ್ಬು ಏರಿಸುವುದು ಹಾಗೆಯೇ. ಮಾಸ್ಕ್ ಮತ್ತೆ ಕೂತಿತು. ಸಂಜೆಯ ಹೊತ್ತಿಗೆ ಜ್ವರ ಏರಿತು, ಎದೆಯಲ್ಲಿ ಕಫ ಕಟ್ಟಿತು. ಎರಡು ದಿನ ಬಿಟ್ಟು ಬೆಳಿಗ್ಗೆ ಅವನು ಹೋದ. ಹೊರಗೆ ಹೋಗಲಾರದೆ ಒಳಗೇ ಉಳಿದದ್ದು ಗೆದ್ದಿತು.

ಶವ ಕೋಗಿಲಬನಕ್ಕೆ ಬಂದಾಗ ಓಣಿಯ ಗಂಡಸರು ಆಗಲೇ ಕುಣಿ ತೋಡಲು ಹೋಗಿದ್ದರು. ಮನೆಯಲ್ಲಿ ಗೋಡೆಗೆ ಮಣೆ ಹಾಕಿ, ಬೆನ್ನಿಗೆ ಹಲಗೆ ಇಟ್ಟು, ಕಟ್ಟಲು ಬಿಳಿ ಪಂಚೆ ಹರಿದು ಸ್ವಾಮ್ಯಾರು ಕಾದಿದ್ದರು. ಸ್ವಾಮ್ಯಾರು ಅಂದರೆ ನಮ್ಮ ಮನೆತನದ ಕಾರ್ಯಗಳನ್ನು ಮಾಡಿಸುವ ಹಿರಿಯ ಅಯ್ಯನವರು. ಅಪ್ಪನಿಗಿಂತ ವಯಸ್ಸಾದವರು. "ಮೈ ಸೆಟೆಯೂದರಾಗ ಕೂಡಸೂಣು, ಹಿಡೀರಿ" ಎಂದರು.

ನಾನು ಮಂಚಕ್ಕೆ ಅಡ್ಡ ನಿಂತೆ. "ಕೂಡಸಬ್ಯಾಡ್ರಿ" ಎಂದೆ.

ಎಲ್ಲರೂ ನನ್ನ ಕಡೆ ನೋಡಿದರು. ದೂರದ ಸಂಬಂಧದ ಒಬ್ಬರು, "ಹಿಂದಿನಿಂದ ಬಂದ ಪದ್ಧತಿವಾ. ನೀ ಕಲತಾಕಿ ಅಂತ ಬದಲಾಗತೈತೇನು?" ಎಂದರು. ಆಗ ನನ್ನ ಸಿಟ್ಟು ಕಟ್ಟೆಯೊಡೆಯಿತು. ಕಲಿತದ್ದಕ್ಕೂ ಇದಕ್ಕೂ ಏನು ಸಂಬಂಧ ಎಂದೆ. ನೀವು ವರ್ಷಕ್ಕೊಮ್ಮೆ ಬಂದು ಚಹಾ ಕುಡಿದು ಹೋದವರು ಎಂದೆ. ಇನ್ನೂ ಏನೇನೋ ಅಂದೆ. ಮಾವಶಿ ನನ್ನ ತೋಳು ಹಿಡಿದರು.

ಸ್ವಾಮ್ಯಾರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ನನ್ನನ್ನು ಕೇಳಿದರು, "ಯಾಕವಾ ತಂಗಿ?"

"ಅಪ್ಪ ಇಷ್ಟು ವರ್ಷ ಕುಂತನ ಇದ್ದನ್ರಿ" ಎಂದೆ. "ಕಾಲು ಚಾಚಿ ಮಲಗಬೇಕಂತ ಆಸೆಪಟ್ಟು ಸತ್ತನ್ರಿ. ಇನ್ನೂ ಎಷ್ಟು ಕೂಡಸ್ತೀರಿ?"

ಮಳೆ ಹಂಚಿನ ಮೇಲೆ ಬೀಳುತ್ತಿತ್ತು. ಸ್ವಾಮ್ಯಾರು ಅಪ್ಪನ ಮುಖ ನೋಡಿದರು. ಆಮೇಲೆ ಹರಿದಿಟ್ಟ ಪಂಚೆಯನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡರು. "ದೇವರ ಕಡೆ ಹೋಗಾಂವ ಮಲಗಿ ಹೋದ್ರೂ ನಡೀತೈತಿ" ಎಂದರು. "ಕುಣಿ ತಗ್ಯಾವರಿಗೆ ಫೋನ್ ಮಾಡ್ರಿ."

ಎದುರುಮನೆಯವರು ಫೋನ್ ಮಾಡಿದರು. ಅಲ್ಲಿಯವರು ಕೂಡಿಸುವ ಲೆಕ್ಕದಲ್ಲಿ ಆಗಲೇ ಚೌಕ ತೋಡಿಬಿಟ್ಟಿದ್ದರು. ಉದ್ದಕ್ಕೆ ಮತ್ತೆ ತೋಡಬೇಕು. ಎದುರುಮನೆಯವರು ಫೋನನ್ನು ಎದೆಗೆ ಒತ್ತಿ ಹಿಡಿದು ನನ್ನ ಕಡೆ ತಿರುಗಿದರು. "ಅಕ್ಕಾರ, ಕಾಕಾ ಎಷ್ಟು ಉದ್ದ ಅದಾರ ಅಂತ ಕೇಳಾಕತ್ತಾರ."

ಯಾರಿಗೂ ಗೊತ್ತಿರಲಿಲ್ಲ. ಅವನು ನೆಟ್ಟಗೆ ನಿಂತದ್ದನ್ನು ಆ ಓಣಿಯಲ್ಲಿ ನೋಡಿದವರು ಕಡಿಮೆ. ನನಗೆ ಗೊತ್ತಿತ್ತು. ಹಿಮ್ಮಡಿ ಸರಳಿಗೆ ತಾಗಿದ್ದು ಕಣ್ಣ ಮುಂದೆಯೇ ಇತ್ತು.

"ಈ ಮಂಚದಷ್ಟು ಅನ್ರಿ" ಎಂದೆ.

ಹೆಂಗಸರು ಸ್ಮಶಾನಕ್ಕೆ ಬರುವುದಿಲ್ಲ ಎಂದು ಯಾರೂ ನನಗೆ ಹೇಳಲಿಲ್ಲ. ಮನೆಯಲ್ಲಿ ನಡೆದದ್ದನ್ನು ನೋಡಿದ ಮೇಲೆ ಹೇಳುವ ಧೈರ್ಯ ಬರಲಿಲ್ಲವೇನೋ. ಕೆಂಪು ಮಣ್ಣು ಮಳೆಗೆ ಜಾರುತ್ತಿತ್ತು. ಇಬ್ಬರು ಕುಣಿಯೊಳಗೆ ಇಳಿದು, ಮಾವಶಿಯ ಕೌದಿ ಹಾಸಿ, ಅಪ್ಪನನ್ನು ಕೈಯಲ್ಲಿ ಇಳಿಸಿಕೊಂಡರು. ಸ್ವಾಮ್ಯಾರು ವಿಭೂತಿ, ಪತ್ರಿ ಹಾಕಿಸಿದರು. ಆಮೇಲೆ ಉಪ್ಪಿನ ಚೀಲದ ಬಾಯಿ ಬಿಚ್ಚಿಸಿದರು. ಹುಗಿಯುವಾಗ ಉಪ್ಪು ಹಾಕುವುದು ಎಲ್ಲರೂ ಮಾಡುವುದೇ, ನಾನು ಚಿಕ್ಕಂದಿನಿಂದ ಕೇಳಿದ್ದೆ. ಆದರೆ ನೋಡಿದ್ದು ಅದೇ ಮೊದಲು. ಮಳೆನೀರು ಆಗಲೇ ತಳದಲ್ಲಿ ಜಿನುಗುತ್ತಿತ್ತು. ಹಿಡಿ ಹಿಡಿಯಾಗಿ ಬಿದ್ದ ಹರಳುಪ್ಪು ಆ ನೀರಿನಲ್ಲಿ ಕರಗುತ್ತಿತ್ತು. ಉಪ್ಪುನೀರಿನಲ್ಲಿ ಏನು ಇಟ್ಟರೆ ಏನಾಗುತ್ತದೆ ಎಂದು ಇಷ್ಟು ವರ್ಷ ಲೆಕ್ಕ ಹಾಕಿದ ನಾನು ಅಲ್ಲಿ ಏನನ್ನೂ ಲೆಕ್ಕ ಹಾಕದೆ ಅತ್ತೆ.

ಕೆಳಗಿದ್ದವರಲ್ಲಿ ಒಬ್ಬರು ಅಪ್ಪನ ಪಾದಗಳನ್ನು ಜೋಡಿಸಿ, ತುದಿಯ ಮಣ್ಣಿಗೂ ಹಿಮ್ಮಡಿಗೂ ನಡುವೆ ಕೈಯಿಟ್ಟು ನೋಡಿದರು. ತಲೆಯೆತ್ತಿ, ತಪ್ಪು ಮಾಡಿದವರ ಹಾಗೆ ಹೇಳಿದರು, "ಸ್ವಲ್ಪ ಉದ್ದ ಆಗೇತ್ರಿ ಅಕ್ಕಾರ. ಕಾಲಿನ ಕಡೆ ಇನ್ನೂ ಒಂದು ಗೇಣು ಉಳದೈತಿ. ಮಣ್ಣು ತುಂಬಲೇನು?"

"ಬ್ಯಾಡ, ಇರಲಿ" ಎಂದೆ. "ಕಾಲು ಚಾಚತಾನ."